ಅಕ್ಷರಗುಂಡಿನ ದಾರಿಯಲ್ಲಿ ಸೈಕಲ್ ಸುತ್ತು

ಚಳ್ಳಕೆರೆ, ಮೊಳಕಾಲ್ಮೂರು ಎಂದೊಡನೆ ಬಹಳ ಜನರ ಬಾಯಲ್ಲಿ ಬರುವ ಮೊದಲ ಮಾತು ‘ಬರ’. ಎರಡನೆಯ ಮಾತು ‘ಬರಡು’. ಮೊದಲನೆಯದರಲ್ಲಿ ಸತ್ಯವಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳಿಗೆ ದಕ್ಕುವುದು ಸುಮಾರು 500 ಮಿಲಿಮೀಟರು ಮಾತ್ರ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟವನ್ನು ಏರುವಾಗಲೇ ಹೊರೆ ಇಳಿಸಿಬಿಡುತ್ತವೆ. ಘಟ್ಟ ದಾಟಿ ಇಲ್ಲಿಗೆ ಬರುವಾಗ ಅವುಗಳಲ್ಲಿ ಉಳಿದಿರುವುದು ಗಾಳಿ ಮಾತ್ರ. ಭೂಗೋಳದ ಪಾಠದಲ್ಲಿ ಬರುವ ‘ಮಳೆಯ ನೆರಳಿನ ಪ್ರದೇಶ’ ಎಂದರೆ ಇದೇ.

ಆದರೆ ‘ಬರಡು’ ಎಂಬ ಎರಡನೆಯ ಮಾತು ಮಾತ್ರ ನೋಡದೆ ಆಡಿದ ಮಾತು. ಈ ಭಾಗದ ಶಾಲಾ ಮಕ್ಕಳ ಪ್ರವಾಸವೆಂದರೆ ರಾತ್ರಿ ಬಸ್ಸು ಹತ್ತಿ ಮೈಸೂರು, ಬೇಲೂರು, ಹಳೇಬೀಡು, ಜೋಗ. ಕಾಡು ನೋಡಬೇಕೆಂದರೆ ಮಲೆನಾಡು, ನೀರು ನೋಡಬೇಕೆಂದರೆ ಕಾರವಾರದ ಕಡಲು. ಹಾಗೆ ಹೋಗಿಬರುವುದು ತಪ್ಪಲ್ಲ. ಆದರೆ ಮನೆಯಿಂದ ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯ ಪಟ್ಟಣವೊಂದರ ನೆಲೆಯಿದೆ, ಕನ್ನಡ ನಾಡಿನ ಅತಿ ಹಳೆಯ ಬರಹಗಳಲ್ಲಿ ಮೂರು ಬಂಡೆಗಳ ಮೇಲಿವೆ, ಅಲ್ಲಿಗೆ ಸೈಕಲ್ಲಿನಲ್ಲೇ ಹೋಗಿ ಸಂಜೆಯೊಳಗೆ ಮನೆ ಸೇರಬಹುದು ಎಂಬುದು ಎಷ್ಟು ಮಕ್ಕಳಿಗೆ ಗೊತ್ತು?

ಹಾಗೊಂದು ಸುತ್ತು ಇಲ್ಲಿದೆ. ಅದರಲ್ಲಿ ಕಾಡಿದೆ, ಆದರೆ ಅದು ಕುರುಚಲು ಕಾಡು. ಕಡಲಿಲ್ಲ, ಆದರೆ ಹೊಳೆಯ ದಂಡೆ ಇದೆ. ಬಹಳ ಸುಲಭವೂ ಅಲ್ಲದ, ಬಹಳ ಕಷ್ಟವೂ ಅಲ್ಲದ ಸವಾರಿ ಇದು. ದಿನಾ ಎರಡು ಮೂರು ಕಿಲೋಮೀಟರ್ ಸೈಕಲ್ ತುಳಿದು ಶಾಲೆಗೆ ಹೋಗುವ ಪ್ರೌಢಶಾಲೆಯ ಹುಡುಗ, ಹುಡುಗಿಯರು ಹಿರಿಯರೊಬ್ಬರ ಜೊತೆಯಲ್ಲಿ ಆರಾಮವಾಗಿ ಮಾಡಬಹುದು.

ಎಲ್ಲಿಂದ ಎಲ್ಲಿಗೆ?

ಸುತ್ತಿನ ಆರಂಭ ಮೊಳಕಾಲ್ಮೂರು ಪಟ್ಟಣ. ಮೊಳಕಾಲು ಮುರಿಯುವ ಊರು ಎಂದು ಹೆಸರಿನ ಮೇಲೆ ತಮಾಷೆ ಮಾಡುವವರುಂಟು. ಸೈಕಲ್ ಸವಾರರು ಹೆದರಬೇಕಿಲ್ಲ. ಊರ ಪಕ್ಕದಲ್ಲೇ ನುಂಕೆಮಲೆಯ ಬೆಟ್ಟ ಎದ್ದು ನಿಂತಿದೆ. ಊರೊಳಗಿನ ಬೀದಿಗಳಲ್ಲಿ ಮಗ್ಗದ ಸದ್ದು ಕೇಳಿಸುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಹುಟ್ಟುವುದು ಇಲ್ಲಿಯೇ. ಸೀರೆಯ ಒಡಲನ್ನು ಒಂದು ಬಣ್ಣದಲ್ಲೂ ಅಂಚನ್ನು ಇನ್ನೊಂದು ಬಣ್ಣದಲ್ಲೂ ನೇಯುತ್ತ, ಎರಡೂ ಸೇರುವ ಗೆರೆಯಲ್ಲಿ ಎಳೆಗೆ ಎಳೆ ಕೂಡಿಸುವ ಕೈಚಳಕವನ್ನು ಹತ್ತು ನಿಮಿಷ ನಿಂತು ನೋಡಿದರೆ, ಗಣಿತ ಪುಸ್ತಕದಲ್ಲಿ ಮಾತ್ರ ಇಲ್ಲ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ಇಲ್ಲಿಂದ ಉತ್ತರಕ್ಕೆ ಹಳ್ಳಿ ರಸ್ತೆಗಳಲ್ಲಿ ಹೊರಟರೆ ಸುಮಾರು 15 ಕಿಲೋಮೀಟರ್ ದೂರದಲ್ಲಿ ಅಶೋಕ ಸಿದ್ದಾಪುರ. ಅದರ ಪೂರ್ವಕ್ಕೆ ಒಂದು ಮೈಲಿ ಅಂತರದಲ್ಲಿ ಬ್ರಹ್ಮಗಿರಿ. ಅಲ್ಲಿಂದ ವಾಯವ್ಯಕ್ಕೆ ಮೂರು ಮೈಲಿ ಆಸುಪಾಸಿನಲ್ಲಿ ಜಟಿಂಗ ರಾಮೇಶ್ವರ ಬೆಟ್ಟ. ಬೆಟ್ಟದ ಬುಡದಿಂದ ರಾಂಪುರದ ಕಡೆ ಹೊರಳಿ, ಅಲ್ಲಿ ಊಟ ಮುಗಿಸಿ, ಮತ್ತೆ ಹಳ್ಳಿ ರಸ್ತೆಗಳಲ್ಲೇ ಮೊಳಕಾಲ್ಮೂರಿಗೆ ಮರಳಿದರೆ ಒಂದು ಸುತ್ತು. ಹಿಡಿದ ದಾರಿಯ ಮೇಲೆ 40ರಿಂದ 50 ಕಿಲೋಮೀಟರ್ ಆಗುತ್ತದೆ. ರಾಂಪುರ ಮತ್ತು ಹಾನಗಲ್ ನಡುವೆ ಬಳ್ಳಾರಿ ಹೆದ್ದಾರಿ ಇದೆ, ದಾರಿ ನೆಟ್ಟಗಿದೆ. ಆದರೆ ಲಾರಿಗಳ ಭರಾಟೆ ಹೆಚ್ಚು. ಮಕ್ಕಳಿರುವ ತಂಡ ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಬಂಡೆಯ ವಯಸ್ಸು, ಗಿಡದ ಜಾಣತನ

ಊರು ಬಿಟ್ಟ ಹತ್ತೇ ನಿಮಿಷಕ್ಕೆ ಗುಂಡುಗಳು ಕಣ್ಣಿಗೆ ಬೀಳುತ್ತವೆ. ಯಾರೋ ಒಂದರ ಮೇಲೊಂದು ಜೋಡಿಸಿಟ್ಟಂತೆ ಕಾಣುವ ದುಂಡು ಬಂಡೆಗಳು. ರಾಮನಗರದಿಂದ ಉತ್ತರಕ್ಕೆ ನಾನೂರು ಕಿಲೋಮೀಟರಿನಷ್ಟು ಉದ್ದಕ್ಕೆ ಹಬ್ಬಿರುವ ಕಲ್ಲಿನ ಪಟ್ಟಿಯೊಂದಿದೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಮೊಳಕಾಲ್ಮೂರಿನ ಗುಡ್ಡಗಳು ಈ ಪಟ್ಟಿಗೆ ಸೇರಿದವು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಆಳದಲ್ಲಿ ಕರಗಿದ ಶಿಲೆ ತಣ್ಣಗಾಗಿ ಗಟ್ಟಿಯಾದದ್ದು ಇದು. ಮೇಲಿನ ಪದರಗಳು ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಮೇಲೆ ಹೊರಗೆ ಕಂಡಿದೆ.

ಹಾಗಾದರೆ ಬಂಡೆ ದುಂಡಗಾದದ್ದು ಹೇಗೆ? ತಣ್ಣಗಾಗುವಾಗ ಕಲ್ಲಿನಲ್ಲಿ ಅಡ್ಡ, ಉದ್ದ ಬಿರುಕುಗಳು ಮೂಡುತ್ತವೆ. ಬಿರುಕಿನಲ್ಲಿ ನೀರು ಇಳಿಯುತ್ತದೆ. ಚೌಕವಾದ ತುಂಡಿನ ಮೂಲೆಗಳಿಗೆ ಮೂರು ಕಡೆಯಿಂದಲೂ ನೀರು ತಾಗುವುದರಿಂದ ಮೂಲೆ ಬೇಗ ಸವೆಯುತ್ತದೆ. ಚಪ್ಪಟೆ ಮುಖಕ್ಕೆ ಒಂದೇ ಕಡೆಯ ಪೆಟ್ಟು, ಆದ್ದರಿಂದ ಅದು ನಿಧಾನ. ಜೇಬಿನಲ್ಲಿಟ್ಟ ಸೀಮೆಸುಣ್ಣದ ತುಂಡು ಕೆಲವು ದಿನಗಳಲ್ಲಿ ದುಂಡಗಾಗುವುದೂ ಮೂಲೆಗಳು ಮೊದಲು ಸವೆಯುವುದರಿಂದಲೇ.

ಗುಂಡುಗಳ ನಡುವೆ ಕುರುಚಲು ಕಾಡು. ತುಗ್ಗಲಿ, ಕಾರೆ, ಬೋರೆ, ಬೇವು, ಸೀತಾಫಲ, ಹಲವು ಬಗೆಯ ಜಾಲಿ. ಮಲೆನಾಡಿನ ಕಾಡು ನೋಡಿದ ಕಣ್ಣಿಗೆ ಇದು ಕಾಡೇ ಅಲ್ಲ ಅನ್ನಿಸಬಹುದು. ಒಂದು ಕ್ಷಣ ಸೈಕಲ್ ನಿಲ್ಲಿಸಿ ತುಗ್ಗಲಿಯ ಎಲೆಯನ್ನೂ ಹಲಸಿನ ಎಲೆಯನ್ನೂ ಮನಸ್ಸಿನಲ್ಲಿ ಹೋಲಿಸಿ ನೋಡಿ. ಎಲೆ ದೊಡ್ಡದಾದಷ್ಟೂ ಆವಿಯಾಗುವ ನೀರು ಹೆಚ್ಚು. ಇಲ್ಲಿನ ಗಿಡಗಳು ಎಲೆಯನ್ನು ಚಿಕ್ಕದು ಮಾಡಿಕೊಂಡಿವೆ. ಬೇಸಿಗೆಯಲ್ಲಿ ಅದನ್ನೂ ಉದುರಿಸಿ ನಿಲ್ಲುವ ಗಿಡಗಳೂ ಇವೆ. ದನ, ಕುರಿ, ಮೇಕೆಗಳಿಂದ ಉಳಿಯಲು ಮುಳ್ಳು ಬೆಳೆಸಿಕೊಂಡಿವೆ. 500 ಮಿಲಿಮೀಟರ್ ಮಳೆಯಲ್ಲಿ ಸಂಸಾರ ನಡೆಸುವ ಈ ಜಾಣತನಕ್ಕೆ ‘ಬರಡು’ ಎಂದು ಹೆಸರಿಡುವುದು ಹೇಗೆ? ನವಿಲು, ಕೌಜುಗ, ಮೊಲ ಇಲ್ಲಿನ ನಿವಾಸಿಗಳು. ಗುಡ್ಡದ ಗವಿಗಳಲ್ಲಿ ಕರಡಿ, ಚಿರತೆಗಳೂ ಇವೆ. ಸೂರ್ಯ ಮುಳುಗುವ ಮುನ್ನ ಗುಡ್ಡದ ದಾರಿ ಬಿಡಬೇಕು ಎನ್ನುವುದು ಅದಕ್ಕೇ.

ಇಸಿಲ ಎಂಬ ಊರು

ಬ್ರಹ್ಮಗಿರಿಯ ಬುಡದಲ್ಲಿ ಒಂದು ಬಂಡೆ. ಊರಿನವರು ಅದನ್ನು ಕರೆಯುತ್ತಿದ್ದದ್ದು ‘ಅಕ್ಷರಗುಂಡು’ ಎಂದು. ಅಕ್ಷರವಿದೆ ಎಂದು ಗೊತ್ತಿತ್ತು, ಅದು ಏನು ಹೇಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಂಡೆಗೆ ಔಷಧದ ಗುಣವಿದೆ ಎಂಬ ನಂಬಿಕೆ ಮಾತ್ರ ಬೆಳೆದಿತ್ತು. 1892ರಲ್ಲಿ ಬಿ.ಎಲ್. ರೈಸ್ ಇದನ್ನೂ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬರಹಗಳನ್ನೂ ಗುರುತಿಸಿದರು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವರು, ಮುಂದೆ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾದರು. ಮೂರೂ ಬರಹಗಳು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೌರ್ಯ ಸಾಮ್ರಾಟ ಅಶೋಕನವು. ಅಶೋಕನ ಆಡಳಿತ ದಕ್ಷಿಣದಲ್ಲಿ ಇಷ್ಟು ದೂರದವರೆಗೆ ಹರಡಿತ್ತು ಎಂಬುದು ಜಗತ್ತಿಗೆ ತಿಳಿದದ್ದು ಈ ಕಲ್ಲುಗಳಿಂದ.

ಸ್ವಾರಸ್ಯವೆಂದರೆ ಬಂಡೆಯಲ್ಲಿ ಅಶೋಕನ ಹೆಸರೇ ಇಲ್ಲ! ದೇವರಿಗೆ ಪ್ರಿಯನಾದವನು ಎಂಬ ಅರ್ಥದ ಬಿರುದು ಮಾತ್ರ ಇದೆ. ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇರುವ ಬರಹ ಮೊದಲು ಸಿಕ್ಕಿದ್ದು 1915ರಲ್ಲಿ, ನಮ್ಮದೇ ರಾಜ್ಯದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅದನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್.

ಬ್ರಹ್ಮಗಿರಿಯ ಬರಹ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೋದ ಆಜ್ಞೆ. ಇಸಿಲ ಎಂದರೆ ಈ ಬೆಟ್ಟದ ಬುಡದಲ್ಲೇ ಇದ್ದ ಪಟ್ಟಣ. ಇಸಿಲ ಕನ್ನಡದ ಪದ, ಬಾಣ ಬಿಡುವುದಕ್ಕೆ ಹಳಗನ್ನಡದಲ್ಲಿರುವ ‘ಇಸು’ ಎಂಬ ಧಾತುವಿನಿಂದ ಬಂದದ್ದು ಎಂದು ಡಿ.ಎಲ್. ನರಸಿಂಹಾಚಾರ್ಯರು ಅಭಿಪ್ರಾಯಪಟ್ಟಿದ್ದರು. ಅಂದರೆ ಪ್ರಾಕೃತ ಭಾಷೆಯ, ಬ್ರಾಹ್ಮಿ ಲಿಪಿಯ ಶಾಸನದ ನಡುವೆ ಕನ್ನಡದ ಶಬ್ದವೊಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ಕೂತಿದೆ.

ಆಜ್ಞೆಯಲ್ಲಿ ಏನಿದೆ? ತೆರಿಗೆಯ ಮಾತಿಲ್ಲ, ಯುದ್ಧದ ಮಾತಿಲ್ಲ. ತಂದೆ ತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂಬುದು ಅದರ ಸಾರಾಂಶ. ಪಾಲಕರಿಗೆ ಇದು ಬಹಳ ಹಿಡಿಸಬಹುದು, ಮಕ್ಕಳು ನಗಬಹುದು. ಚಕ್ರವರ್ತಿಯೇ ಕಲ್ಲಿನಲ್ಲಿ ಕೊರೆಸಿ ಹೇಳಬೇಕಾಯಿತೆಂದರೆ ಆ ಕಾಲದ ಮಕ್ಕಳೂ ಈ ಕಾಲದವರಂತೆಯೇ ಇದ್ದರೆಂದು ಕಾಣುತ್ತದೆ!

ವಿಜ್ಞಾನ, ಗಣಿತದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಶಾಸನದಲ್ಲಿ 256 ಎಂಬ ಸಂಖ್ಯೆ ಅಂಕಿಗಳಲ್ಲಿ ಬಂದಿದೆ. ಆದರೆ ನಾವು ಬರೆಯುವಂತೆ ಎರಡು, ಐದು, ಆರು ಎಂದಲ್ಲ. ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಒಂದು, ಆರಕ್ಕೆ ಒಂದು. ಅಂಕಿಯ ಬೆಲೆ ಅದು ಕೂತ ಸ್ಥಾನದಿಂದ ತಿಳಿಯುವ ಪದ್ಧತಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಅಶೋಕ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವಿದು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಎರಡು, ಬರಹವನ್ನು ಕೊರೆದ ಲಿಪಿಕಾರ ಚಪಡ ಕೊನೆಯಲ್ಲಿ ತನ್ನ ಹೆಸರು ಹಾಕಿದ್ದಾನೆ. ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಇಂದಿನ ಪಾಕಿಸ್ತಾನ, ಅಫ್ಘಾನಿಸ್ತಾನಗಳ ಕಡೆಯ ಗಾಂಧಾರದಲ್ಲಿ. ಅಷ್ಟು ದೂರದ ಲಿಪಿ ಬಲ್ಲವನೊಬ್ಬ ರೈಲು ಇಲ್ಲದ ಕಾಲದಲ್ಲಿ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಉಳಿ ಹಿಡಿದಿದ್ದ.

ಅಕ್ಷರ ಹುಟ್ಟುವ ಮೊದಲಿನ ಕಥೆಯೂ ಇಲ್ಲಿದೆ. ಮೈಸೂರಿನ ಎಂ.ಎಚ್. ಕೃಷ್ಣ ಅವರು 1940ರಲ್ಲಿ, ಮಾರ್ಟಿಮರ್ ವ್ಹೀಲರ್ 1947ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ನಯಗೊಳಿಸಿದ ಕಲ್ಲಿನ ಕೊಡಲಿ ಬಳಸಿದವರು ಕೆಳಗಿನ ಪದರದಲ್ಲಿ, ಕಬ್ಬಿಣ ಬಲ್ಲ ಬೃಹತ್ ಶಿಲಾ ಸಂಸ್ಕೃತಿಯವರು ಅದರ ಮೇಲೆ, ಬಣ್ಣದ ಮಡಕೆಗಳ ಆಂಧ್ರ ಕಾಲದವರು ಇನ್ನೂ ಮೇಲೆ. ಹೀಗೆ ಒಂದರ ಮೇಲೊಂದು ಜನವಸತಿಯ ಪದರಗಳು. ದಕ್ಷಿಣ ಭಾರತದ ಪ್ರಾಚೀನ ಕಾಲಕ್ಕೆ ಕ್ರಮವಾದ ಲೆಕ್ಕ ಹಾಕುವುದಕ್ಕೆ ಬ್ರಹ್ಮಗಿರಿಯ ಈ ಅಗೆತ ದಾರಿ ತೋರಿತು. ನಾಲ್ಕು ಚಪ್ಪಡಿ ನಿಲ್ಲಿಸಿ, ಒಂದರಲ್ಲಿ ದುಂಡನೆಯ ಕಂಡಿ ಕೊರೆದು, ಸುತ್ತ ಕಲ್ಲುಗಳ ವೃತ್ತ ಮಾಡಿದ ಸಮಾಧಿಗಳು ಇಲ್ಲಿನ ವಿಶೇಷ. ವೃತ್ತ ಎಂದರೇನು ಎಂದು ಕೈವಾರ ಹಿಡಿದು ಕಲಿಯುವ ಮಕ್ಕಳು, ಕೈವಾರವಿಲ್ಲದೆ ಅದನ್ನು ನೆಲದ ಮೇಲೆ ಬರೆದವರ ಕೆಲಸವನ್ನು ಒಮ್ಮೆ ನೋಡಬೇಕು. ಒಂದು ಗೂಟ, ಒಂದು ಹಗ್ಗ ಇದ್ದರೆ ಸಾಕು.

ಬಳೆಗಾರರ ಗುಂಡು

ಬ್ರಹ್ಮಗಿರಿಯಿಂದ ಜಟಿಂಗ ರಾಮೇಶ್ವರದ ಬುಡದವರೆಗೆ ಸೈಕಲ್. ಮುಂದೆ ಕಾಲ್ನಡಿಗೆ. ಸಮುದ್ರಮಟ್ಟದಿಂದ ಸುಮಾರು 3,400 ಅಡಿ ಎತ್ತರದ ಬೆಟ್ಟ ಇದು. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಇಲ್ಲಿ ಎಂಬುದು ಸ್ಥಳೀಯರ ನಂಬಿಕೆ. ಮೇಲೆ ರಾಮೇಶ್ವರ ದೇವಾಲಯ, ಕೆಳಗೆ ಕಣ್ಣು ಹಾಯುವಷ್ಟು ದೂರ ಬಯಲು.

ಇಲ್ಲಿನ ಅಶೋಕನ ಬರಹ ದೇವಾಲಯದ ಬಳಿ ನಡೆದಾಡುವ ಕಡೆಯ ಬಂಡೆಯ ಮೇಲಿದೆ. ಮೂರರಲ್ಲಿ ಅತ್ಯಂತ ಹೆಚ್ಚು ಸವೆದದ್ದು ಇದೇ. ಕಾರಣ ಮಳೆ, ಬಿಸಿಲು ಮಾತ್ರವಲ್ಲ. ಜಾತ್ರೆಯಲ್ಲಿ ಬಳೆ ಮಾರುವವರು ಈ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಚಪ್ಪರದ ಕಂಬ ನಿಲ್ಲಿಸಲು ಬಂಡೆಯಲ್ಲಿ ಕುಳಿಗಳನ್ನೂ ತೋಡಿದ್ದರು. ಆದ್ದರಿಂದ ಬಂಡೆಗೆ ‘ಬಳೆಗಾರರ ಗುಂಡು’ ಎಂದೇ ಹೆಸರು ಬಂತು. ಬಳೆಗಾರರನ್ನು ದೂರುವಂತಿಲ್ಲ. ಅಶೋಕನ ಕಾಲದ ಲಿಪಿಯನ್ನು ದೇಶವೇ ಮರೆತಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಕೀಲಿ ತೆರೆಯುವವರೆಗೆ ಪಂಡಿತರಿಗೂ ಅದು ಬರೀ ಗೀರುಗಳಾಗಿತ್ತು. ಓದಲು ಬಾರದ ಅಕ್ಷರ ಯಾರದೋ ಕಾಲಿನ ಕೆಳಗೆ ಸವೆದುಹೋಗುತ್ತದೆ. ಈ ಮಾತು ಕಲ್ಲಿಗೆ ಹೇಗೋ ನೆಲಕ್ಕೂ ಹಾಗೆಯೇ ಎಂಬುದಕ್ಕೆ ಚಳ್ಳಕೆರೆ ಉದಾಹರಣೆ. ಅಲ್ಲಿಗೆ ಹೋಗುವ ಮೊದಲು ಹೊಳೆಯನ್ನು ನೋಡಿಬಿಡೋಣ.

ಕಡಲಿಲ್ಲದ ದಂಡೆ

ಈ ಬೆಟ್ಟಗಳ ಬಯಲಿನಲ್ಲಿ ಹರಿಯುವುದು ಚಿನ್ನಹಗರಿ. ಜನಗಿಹಳ್ಳ ಎಂದೂ ಕರೆಯುತ್ತಾರೆ. ತಾಲ್ಲೂಕಿನಲ್ಲಿ ಇದಕ್ಕೆ ಅಡ್ಡಲಾಗಿ ಕಟ್ಟಿದ ರಂಗಯ್ಯನದುರ್ಗ ಜಲಾಶಯವಿದೆ. ವರ್ಷದ ಬಹುಪಾಲು ಹೊಳೆಯಲ್ಲಿ ಮರಳೇ ಹೆಚ್ಚು, ನೀರು ಕಡಿಮೆ. ಆದರೂ ದಂಡೆಯಲ್ಲಿ ಅರ್ಧ ಗಂಟೆ ಕೂತರೆ ಕಡಲತೀರದಲ್ಲಿ ಕಲಿಯುವ ಪಾಠವೆಲ್ಲ ಇಲ್ಲಿಯೂ ಇದೆ. ಒಂದು ಹಿಡಿ ಮರಳನ್ನು ಬಿಳಿಯ ಕರವಸ್ತ್ರದ ಮೇಲೆ ಹರಡಿ. ಗಾಜಿನಂತೆ ಹೊಳೆಯುವ ಕಣ ಸ್ಫಟಿಕಶಿಲೆ, ಗುಲಾಬಿ ಅಥವಾ ಮಾಸಲು ಬಿಳಿಯದು ಫೆಲ್ಡ್‌ಸ್ಪಾರ್, ಮಿನುಗುವ ಹಾಳೆಯಂಥದು ಅಭ್ರಕ. ಬೆಳಿಗ್ಗೆ ದಾರಿಯಲ್ಲಿ ಕಂಡ ಗುಂಡು ಬಂಡೆಯೇ ಪುಡಿಯಾಗಿ ಇಲ್ಲಿ ಬಂದು ಕೂತಿದೆ.

ಚಿನ್ನಹಗರಿ ವೇದಾವತಿಯನ್ನು ಸೇರುತ್ತದೆ. ವೇದಾವತಿ ಎಂದರೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರವಾಗಿ ನಿಂತ ನದಿ. 1907ರಲ್ಲಿ ಮುಗಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅರಬ್ಬೀ ಸಮುದ್ರದಿಂದ ಮೋಡವಾಗಿ ಬಂದ ಹನಿ ಇಲ್ಲಿ ಇಳಿದು ಹೊರಡುವುದು ಇನ್ನೊಂದು ಕಡಲಿಗೆ. ಕಡಲಿಲ್ಲದ ತಾಲ್ಲೂಕು ಎರಡು ಕಡಲುಗಳ ನಡುವಿನ ಕೊಂಡಿ.

ಹುಲ್ಲಿನ ಪುಟ

ಮೊಳಕಾಲ್ಮೂರಿನ ಸುತ್ತು ಒಂದು ಭಾನುವಾರದ್ದಾದರೆ, ಇನ್ನೊಂದು ಭಾನುವಾರ ಚಳ್ಳಕೆರೆಯಿಂದ ನಾಯಕನಹಟ್ಟಿಯ ಕಡೆ ಹೊರಡಬಹುದು. ಶೇಂಗಾ ಎಣ್ಣೆ ಗಿರಣಿಗಳಿಗೂ ಕುರಿಯ ಉಣ್ಣೆಯ ಕಂಬಳಿಗೂ ಹೆಸರಾದ ಚಳ್ಳಕೆರೆಯಿಂದ ನಾಯಕನಹಟ್ಟಿಗೆ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು. ತಿಪ್ಪೇರುದ್ರಸ್ವಾಮಿ ಕಟ್ಟಿಸಿದ ಕೆರೆಗಳಿಂದ, ಅವರ ಹೆಸರಿನ ಜಾತ್ರೆಯಿಂದ ಆ ಊರು ಪ್ರಸಿದ್ಧ. ಈ ದಿಕ್ಕಿನಲ್ಲಿ ಸಿಗುವುದೇ ಅಮೃತಮಹಲ್ ಕಾವಲಿನ ಹುಲ್ಲುಬಯಲು.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿ ಎಳೆದು ದಣಿಯದೆ ಓಡುವ ಆ ತಳಿಯ ಎತ್ತುಗಳನ್ನು ಮುಂದೆ ವೆಲ್ಲಿಂಗ್ಟನ್‌ನೂ ಮೆಚ್ಚಿ ಬಳಸಿದ. ಅವುಗಳ ಮೇವಿಗಾಗಿ ಕಾದಿಟ್ಟ ಬಯಲುಗಳೇ ಕಾವಲುಗಳು. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಮತ್ತು ಕುರುಬರ ಕುರಿಗಳು ಈ ಸೀಮೆಯ ಹುಲ್ಲನ್ನೇ ನಂಬಿ ಬದುಕಿದವು. ಕೃಷ್ಣಮೃಗ, ತೋಳ, ನರಿ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳ ಮನೆಯೂ ಈ ಬಯಲೇ.

2009ರಿಂದೀಚೆಗೆ ಚಳ್ಳಕೆರೆಯ ಕಾವಲಿನ ಸುಮಾರು ಹತ್ತು ಸಾವಿರ ಎಕರೆ ವಿಜ್ಞಾನ, ರಕ್ಷಣೆ ಮತ್ತಿತರ ಯೋಜನೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1,500 ಎಕರೆಯ ಎರಡನೆಯ ಆವರಣ ಪಡೆಯಿತು. ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ನೂರಾರು ವಿಜ್ಞಾನ ಶಿಕ್ಷಕರು ಅಲ್ಲಿ ತರಬೇತಿ ಪಡೆದಿದ್ದಾರೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು, ಅದು ತಾನೇ ತಾನಾಗಿ ಬಂದು ಓಡುದಾರಿಯಲ್ಲಿ ಇಳಿಯುವಂತೆ ಮಾಡಿದ್ದು ಇದೇ ಕೇಂದ್ರದಲ್ಲಿ. ಚಳ್ಳಕೆರೆಯ ಮಕ್ಕಳು ಹೆಮ್ಮೆಪಡಬೇಕಾದ ಸಂಗತಿಗಳಿವು.

ಇನ್ನೊಂದು ಕಡೆ, ಬೇಲಿ ಬಿದ್ದ ಮೇಲೆ ದನ ಕುರಿ ಮೇಯಿಸಲು ಜಾಗವಿಲ್ಲದಾಯಿತು ಎಂದು ಸುತ್ತಲಿನ ಹಳ್ಳಿಗಳವರು ಹೋರಾಡಿದರು. ವಿಷಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿತು. ಯಾರು ಸರಿ, ಎಷ್ಟು ಸರಿ ಎಂಬ ಚರ್ಚೆ ತರಗತಿಯಲ್ಲಿ ನಡೆಯಲಿ. ಆದರೆ ಒಂದು ಮಾತು ವಿದ್ಯಾರ್ಥಿಗಳಿಗೆ ಸ್ಪಷ್ಟವಿರಬೇಕು. ಈ ಬಯಲನ್ನು ‘ಏನೂ ಇಲ್ಲದ ಜಾಗ’ ಎನ್ನುವುದು ವಿಜ್ಞಾನದ ಮಾತಲ್ಲ. ಹುಲ್ಲಿನ ಮುಕ್ಕಾಲು ಬದುಕು ನೆಲದೊಳಗಿದೆ. ಅದರ ಬೇರಿನ ಜಾಲ ಮಣ್ಣನ್ನು ಹಿಡಿದಿಡುತ್ತದೆ, ಬಿದ್ದ ಮಳೆಯನ್ನು ಒಳಗೆ ಇಳಿಸುತ್ತದೆ, ಗಾಳಿಯ ಇಂಗಾಲವನ್ನು ಮಣ್ಣಿನಲ್ಲಿ ಕೂಡಿಡುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಂಡದ್ದು ಮೊದಲ ಮಳೆಗೆ ವಾರದೊಳಗೆ ಹಸಿರಾಗುತ್ತದೆ. ಮರವಿಲ್ಲದ್ದರಿಂದ ಕಾಡಲ್ಲ, ಬೆಳೆಯಿಲ್ಲದ್ದರಿಂದ ಹೊಲವಲ್ಲ, ಹಾಗಾಗಿ ಬರಡು ಎನ್ನುವ ಲೆಕ್ಕ ಬಳೆಗಾರರ ಗುಂಡಿನ ಮೇಲೆ ಕಂಬ ನೆಟ್ಟ ಹಾಗೆ. ಈ ಹುಲ್ಲನ್ನು ಓದಲು ಬಲ್ಲ ಮಕ್ಕಳು ಈ ನೆಲದಲ್ಲೇ ಬೆಳೆಯಬೇಕು. ಇನ್ನೂ ಉಳಿದಿರುವ ಕಾವಲನ್ನು ಏನು ಮಾಡಬೇಕೆಂದು ನಾಳೆ ತೀರ್ಮಾನಿಸುವವರು ಅವರೇ.

ಒಂದು ಹಿಡಿ ಶೇಂಗಾ

ಈಗ ಸೈಕಲ್ಲಿನ ಲೆಕ್ಕ. 50 ಕಿಲೋ ತೂಕದ ವಿದ್ಯಾರ್ಥಿ, 18 ಕಿಲೋದ ಸೈಕಲ್, ಒಟ್ಟು 68. ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ 200 ಮೀಟರ್ ಎಂದುಕೊಳ್ಳಿ. ತೂಕ, ಗುರುತ್ವ, ಎತ್ತರಗಳನ್ನು ಗುಣಿಸಿದರೆ 68 × 9.8 × 200, ಅಂದರೆ ಸುಮಾರು 1,33,000 ಜೌಲ್. ಮನುಷ್ಯನ ಸ್ನಾಯು ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದು ಬೆವರಿಳಿಸುವ ಶಾಖ. ಆದ್ದರಿಂದ ಬೇಕಾಗುವುದು ಇದರ ನಾಲ್ಕು ಪಟ್ಟು, ಸುಮಾರು 127 ಕಿಲೋಕ್ಯಾಲೊರಿ. 100 ಗ್ರಾಂ ಶೇಂಗಾದಲ್ಲಿ 560 ಕಿಲೋಕ್ಯಾಲೊರಿಗೂ ಹೆಚ್ಚು ಶಕ್ತಿಯಿದೆ. ಅಂದಮೇಲೆ ಎಲ್ಲ ಏರುಗಳನ್ನೂ ಹತ್ತಿಸಲು 23 ಗ್ರಾಂ ಶೇಂಗಾ ಸಾಕು! ಚಳ್ಳಕೆರೆಯ ಒಂದು ಹಿಡಿ. ಸಮತಟ್ಟಿನ ದಾರಿಗೂ ಸೇರಿಸಿದರೆ ಇಡೀ ಸುತ್ತಿಗೆ ಆರೇಳು ನೂರು ಕಿಲೋಕ್ಯಾಲೊರಿ ಬೇಕು. ಎರಡು ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಳೆಹಣ್ಣಿನಲ್ಲಿ ಅದು ಮುಗಿಯುತ್ತದೆ.

ಸಮತಟ್ಟಿನಲ್ಲಿ ಸವಾರನ ದೊಡ್ಡ ವೈರಿ ಗಾಳಿ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಎದುರಿನಿಂದ 10 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ತಾಗುವ ಗಾಳಿಯ ವೇಗ 25. ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈರುತ್ಯದ ಬಿರುಗಾಳಿ ಹೋಗುವಾಗ ಬೆನ್ನು ತಟ್ಟಿ, ದಣಿದು ಮರಳುವಾಗ ಎದೆಗೆ ಹೊಡೆಯುತ್ತದೆ. ನವೆಂಬರ್‌ನಿಂದ ಜನವರಿಯವರೆಗೆ ಈಶಾನ್ಯದ ಹಗುರ ಗಾಳಿ. ಹೋಗುವಾಗ ತುಸು ಎದುರು, ಮರಳುವಾಗ ಬೆನ್ನಿಗೆ. ಬಿಸಿಲೂ ಹಿತ. ಸುತ್ತಿಗೆ ಇದೇ ಕಾಲ.

ಪಾಲಕರ ಗಮನಕ್ಕೆ

ನಾಲ್ಕೈದು ಮಕ್ಕಳಿಗೆ ಒಬ್ಬ ಹಿರಿಯರಿರಲಿ. ಬೆಳಿಗ್ಗೆ ಆರೂವರೆಗೆ ಹೊರಡಿ, ಸಂಜೆ ಐದರೊಳಗೆ ಮನೆ ಸೇರಿ. ತಲೆಗೆ ಹೆಲ್ಮೆಟ್ ಕಡ್ಡಾಯ. ಹಿಂದಿನ ದಿನವೇ ಬ್ರೇಕು, ಚೈನು, ಗಾಳಿ ನೋಡಿ. ತಲೆಗೆ ಮೂರು ಲೀಟರ್ ನೀರು, ಒಂದು ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಇರಲಿ. ಜಾಲಿಮುಳ್ಳಿನ ಸೀಮೆಯಾದ್ದರಿಂದ ಪಂಕ್ಚರ್ ಸಾಮಾನು ಮತ್ತು ಪಂಪು ಮರೆಯಬೇಡಿ. ಪಂಕ್ಚರ್ ಹಾಕುವುದನ್ನು ಹುಡುಗಿಯರೂ ಕಲಿಯಲಿ. ಗವಿಗಳಲ್ಲಿ ಇಣುಕುವುದು, ತುಂಬಿದ ಹೊಳೆಗೆ ಇಳಿಯುವುದು ಬೇಡ. ಶಾಸನದ ಅಕ್ಷರಗಳಿಗೆ ಸೀಮೆಸುಣ್ಣ ಹಚ್ಚುವುದು, ಬಂಡೆಯ ಮೇಲೆ ಹೆಸರು ಗೀಚುವುದು ಅಪರಾಧ. ಚಳ್ಳಕೆರೆಯ ಕಡೆ ಬೇಲಿ ಹಾಕಿದ ಸಂಸ್ಥೆಗಳ ಒಳಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ, ಹೊರಗಿನ ರಸ್ತೆಯಿಂದಲೇ ಬಯಲು ನೋಡಬೇಕು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಕೊರೋನಾ ಬರುವವರೆಗೂ ಸಾವಿರಾರು ಸೈಕಲ್ಲುಗಳು ಈ ತಾಲ್ಲೂಕುಗಳ ಮನೆಗಳಿಗೆ ಬಂದವು. ಅವುಗಳಲ್ಲಿ ಎಷ್ಟೋ ಈಗ ಜಗಲಿಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿವೆ. ಮಗ ಓದಲಿ, ಮಗಳು ಓದಲಿ, ಸುಮ್ಮನೆ ಸುತ್ತಾಡುವುದೇಕೆ ಎಂದು ಕೇಳುವ ಪಾಲಕರಿದ್ದಾರೆ. ಚೈನಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಒಂದು ಭಾನುವಾರ ಅವರನ್ನು ಕಳಿಸಿ ನೋಡಿ, ಸಾಧ್ಯವಾದರೆ ಜೊತೆಗೆ ಹೋಗಿ. ಭೂಗೋಳ, ಇತಿಹಾಸ, ಗಣಿತ, ಜೀವಶಾಸ್ತ್ರಗಳನ್ನು ಒಂದೇ ದಿನದಲ್ಲಿ, ಒಂದೇ ದಾರಿಯಲ್ಲಿ ಓದಿಕೊಂಡು ಬರುತ್ತಾರೆ. ಬಸ್ಸಿನ ಕಿಟಕಿಯಿಂದ ಈ ಪಾಠ ಕಾಣುವುದಿಲ್ಲ, ಅದಕ್ಕೆ ಗಂಟೆಗೆ 15 ಕಿಲೋಮೀಟರಿನ ವೇಗವೇ ಸರಿ.